ಟವೆಲ್ ಕೆಳಗಿನ ವಿದ್ಯೆ

ನಮ್ಮ ಮಾವ ಹೆದರದೇ ಇರುವ ವಸ್ತು ಈ ಭೂಮಿಯ ಮೇಲೆ ಏನಾದರೂ ಇದ್ದರೆ, ಅದು ಅವನು ಇನ್ನೂ ನೋಡಿಲ್ಲದ ವಸ್ತು! ತೋರಿಸಿದ ತಕ್ಷಣ ಅದಕ್ಕೂ ಹೆದರುತ್ತಾನೆ. ಹಾಗಂತ ಆಳೇನು ಚಿಕ್ಕವನಲ್ಲ. ಬಾಗಿಲಲ್ಲಿ ತಲೆ ತಗ್ಗಿಸಿಯೇ ಬರಬೇಕು, ಅಷ್ಟೆತ್ತರ. ಮೀಸೆ ನೋಡಿದರೆ ಬೀದಿ ನಾಯಿಗಳು ಪಕ್ಕಕ್ಕೆ ಸರಿಯುತ್ತವೆ. ಪಾಪ, ಅಷ್ಟರಲ್ಲಿ ಇವನೇ ಇನ್ನೊಂದು ಪಕ್ಕಕ್ಕೆ ಸರಿದಾಗಿರುತ್ತದೆ ಅಂತ ಅವಕ್ಕೇನು ಗೊತ್ತು?

ಮಾವ ಅಂದರೆ ನಮ್ಮಮ್ಮನ ತಮ್ಮ. ಮದುವೆಯಾಗಿಲ್ಲ. ದೊಡ್ಡಬಳ್ಳಾಪುರದಲ್ಲಿ ನಮ್ಮ ಬೀದಿಯ ಕೊನೆಯಲ್ಲೇ ಒಂದು ರೂಮು ಮಾಡಿಕೊಂಡಿದ್ದಾನೆ. ಅಮ್ಮ ಒಲೆ ಮೇಲೆ ಕುಕ್ಕರ್ ಇಟ್ಟರೆ ಮಾವ ಬೀದಿಯಲ್ಲಿ ನಿಂತಿರುತ್ತಾನೆ, ಕೂಗು ಮುಗಿದ ಮೇಲೇ ಒಳಗೆ ಬರುವುದು. ರೇಷನ್ ಅಂಗಡಿಯ ಮಿಷನ್ ಮೇಲೆ ಹೆಬ್ಬೆಟ್ಟು ಒತ್ತಿದ ಮೇಲೆ ಬೆರಳು ಎಣಿಸಿಕೊಳ್ಳುತ್ತಾನೆ. ಇನ್ನು ಫೋನು! ಫೋನ್ ಎತ್ತಿ ಹಲೋ ಅನ್ನುವುದಿಲ್ಲ, ಕೆಮ್ಮುತ್ತಾನೆ.

"ಮಾತಾಡಿದ್ರೆ ನಮ್ಮ ದನಿ ಕದ್ದು ಅದ್ರಲ್ಲೇ ಬ್ಯಾಂಕಿಗೆ ಫೋನ್ ಮಾಡ್ತಾರಂತೆ ಕಣವ್ವಾ!"

"ಕೆಮ್ಮು ಕದ್ರೆ?"

"ಕದೀಲಿ ಬಿಡು. ಕೆಮ್ಮಿಗೆ ಯಾವ ಬ್ಯಾಂಕು ದುಡ್ಡು ಕೊಡುತ್ತೆ?"

ಇಂಥ ಪುಕ್ಕಲನಿಗೆ ಒಂದು ವಿದ್ಯೆ ಗೊತ್ತು. ಹಾಸು ಕೆಚ್ಚುವುದು. ಹಾಸು ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆಗಳು. ಹಳೇ ಹಾಸು ಮುಗಿಯುತ್ತಾ ಬಂದಾಗ, ಹೊಸ ಹಾಸಿನ ಒಂದೊಂದೇ ರೇಷ್ಮೆ ಎಳೆಯನ್ನು ಹಳೇ ಎಳೆಯ ತುದಿಗೆ ಬೆರಳಲ್ಲಿ ಹೊಸೆದು ಸೇರಿಸಬೇಕು. ಸಾವಿರಾರು ಎಳೆ! ಒಂದು ತಪ್ಪಿದರೂ ಸೀರೆಯ ಉದ್ದಕ್ಕೂ ಗೆರೆ ಬೀಳುತ್ತದೆ. (ಎದೆಯಲ್ಲಿ ಇಲ್ಲದ ಕೆಚ್ಚು ಬೆರಳಲ್ಲಾದರೂ ಇರಲಿ ಅಂತ ತಾತ ಕಲಿಸಿದರೋ ಏನೋ!) ಮಾವ ಕೆಚ್ಚಿದ ಹಾಸಿನಲ್ಲಿ ಎಲ್ಲಿ ಸೇರಿತು ಅಂತ ಹುಡುಕಿದರೂ ಸಿಗುವುದಿಲ್ಲ.

ಆದರೆ ಅವನು ಅದನ್ನು ಮಾಡುವ ರೀತಿ ನೋಡಬೇಕು ನೀವು. ಮಗ್ಗದ ಮುಂದೆ ಕೂತವನೇ ಎಳೆ ಜಾರದಿರಲಿ ಅಂತ ಬೆರಳಿಗೆ ಬೂದಿ ಮುಟ್ಟಿಸಿ, ಹೆಗಲ ಮೇಲಿನ ಟವೆಲ್ ತೆಗೆದು ಎರಡೂ ಕೈ ಮೇಲೆ ಹೊದಿಸಿಕೊಳ್ಳುತ್ತಾನೆ, ಕೋಳಿ ಮರಿಗಳ ಮೇಲೆ ಮಕ್ಕರಿ ಕವುಚಿದ ಹಾಗೆ. ಏನಿದ್ದರೂ ಅದರ ಕೆಳಗೆ! ಯಾರಾದರೂ ನೋಡಿ ಕಲಿತುಬಿಟ್ಟರೆ ಅಂತ ಭಯ. ಒಂದೊಂದು ಎಳೆ ಸೇರಿದಾಗಲೂ "ಹೂಂ, ಕೂತ್ಕೋ ತಾಯಿ" ಅಂತ ಗೊಣಗುವುದು ಬೇರೆ. ಆ ಟವೆಲ್ಲೋ, ನನಗೆ ಬುದ್ಧಿ ಬಂದಾಗಿನಿಂದ ಅದೇ. ಹೊಸದು ತಂದುಕೊಟ್ಟರೆ ಮುಟ್ಟುವುದಿಲ್ಲ. ಹೊಸ ಟವೆಲ್ಲಿಗೂ ಹೆದರಿಕೆ!

ಮಾವ ಕೆಚ್ಚಲು ಬಂದ ಮನೆಯಲ್ಲಿ ಹೆಂಗಸರು ಮುಖ ಆಚೆ ತಿರುಗಿಸಿಕೊಂಡು ಕೂರುವುದು ನಮ್ಮ ಬೀದಿಯ ಪದ್ಧತಿ. ತರಕಾರಿ ಹೆಚ್ಚುವವರು ಗೋಡೆ ಕಡೆ ತಿರುಗಿ ಹೆಚ್ಚುತ್ತಾರೆ. ಚಿಕ್ಕವಳಿದ್ದಾಗ ನಾನು ಬಗ್ಗಿ ನೋಡಲು ಹೋಗಿ, ಎದುರು ಮನೆ ದೊಡ್ಡಮ್ಮನ ಕೈಲಿ ತಲೆಗೆ ಮೊಟಕಿಸಿಕೊಂಡಿದ್ದೇನೆ. ಈ ದೊಡ್ಡಮ್ಮ ನಮಗೆ ನೆಂಟಳಲ್ಲ, ಬೀದಿಗೆಲ್ಲ ದೊಡ್ಡಮ್ಮ. ಮನೆ ತುಂಬ ಮಗ್ಗ, ಬಾಯಿ ತುಂಬ ಎಲೆ ಅಡಿಕೆ. "ಆ ಕಡೆ ತಿರುಗೇ! ನಿಮ್ಮ ಮಾವ ಹೆದ್ರುಕೋತಾನೆ" ಅಂದಿದ್ದಳು. ಮನೆಯವರ ಕಣ್ಣು ಬಿದ್ದರೆ ಎಳೆ ಹರಿಯುತ್ತೇನೋ ಅಂತ ನಾನು ಅಂದುಕೊಂಡೆ.

ಹೀಗಿರುವಾಗ ನಾನೊಂದು ಸಂಸ್ಥೆಗೆ ಸೇರಿಕೊಂಡೆ. ದೇಶದ ತುಂಬಾ ಕೆಲಸ ಮಾಡುವ ಸೇವಾ ಸಂಸ್ಥೆ ಅದು. ಜ್ಞಾನ ಅನ್ನುವುದಕ್ಕೆ ಬೀಗ ಇರಬಾರದು, ಎಲ್ಲರಿಗೂ ಪುಕ್ಕಟೆಯಾಗಿ ಸಿಗಬೇಕು ಅನ್ನುವವರು. ಊರೂರಿಗೆ ಹೋಗಿ ಇಂಟರ್ನೆಟ್ಟಿನ ವಿಶ್ವಕೋಶದಲ್ಲಿ ಬರೆಯುವುದು ಹೇಗೆ ಅಂತ ಜನಕ್ಕೆ ಹೇಳಿಕೊಡಬೇಕು, ಫೋಟೋ ತೆಗೆದು ಹಾಕಬೇಕು, ಕಸುಬುಗಳನ್ನು ವಿಡಿಯೋ ಮಾಡಬೇಕು. ಒಂದು ವರ್ಷ ನಮ್ಮ ಕಡೆಯ ಕೆಲಸ ನನ್ನದು. ಮನೆಯಲ್ಲಿ ಹೇಳಿದಾಗ ಮಾವ ಕಾಫಿ ಲೋಟ ಕೆಳಗಿಟ್ಟ.

"ಫ್ರೀ ಅಂದ್ಯಾ?"

"ಹೂಂ ಮಾವ. ಎಲ್ಲಾ ಫ್ರೀ."

"ಇಲಿಬೋನಲ್ಲಿ ಇಡೋ ಕೊಬ್ರೀನೂ ಫ್ರೀನೇ ಕಣವ್ವಾ!"

ಅಷ್ಟು ಹೇಳಿ ಸುಮ್ಮನಾಗಿದ್ದರೆ ನಾನು ಬಚಾವಾಗುತ್ತಿದ್ದೆ. ಹೆಣ್ಣುಮಗು ಒಬ್ಬಳೇ ಹೋಗಬಾರದು ಅಂತ ಎಲ್ಲ ಕಡೆ ತಾನೂ ಬರುತ್ತೇನೆ ಅಂದ. ನನ್ನನ್ನು ಕಾಯುವುದಕ್ಕಂತೆ! ಅವನನ್ನು ಯಾರು ಕಾಯಬೇಕು, ಅದನ್ನು ಹೇಳಲಿಲ್ಲ.

ಮೊದಲ ಶಿಬಿರ ದೊಡ್ಡಬೆಳವಂಗಲದ ಶಾಲೆಯೊಂದರಲ್ಲಿ. ಮಾವ ಬಾಗಿಲಿಗೆ ಹತ್ತಿರದ ಬೆಂಚು ಹಿಡಿದು ಕೂತ, ಓಡುವುದಕ್ಕೆ ಅನುಕೂಲ ಅಂತ. ನಾನು ಮೇಷ್ಟ್ರುಗಳಿಗೆ ಉತ್ಸಾಹದಿಂದ ವಿವರಿಸುತ್ತಿದ್ದೆ: "ಇಲ್ಲಿ ಏನಿದೆಯೋ ಅದನ್ನ ಯಾರು ಬೇಕಾದ್ರೂ ತಿದ್ದಬಹುದು." ಹಿಂದಿನಿಂದ ಮಾವನ ದನಿ ನಡುಗುತ್ತಾ ಬಂತು.

"ಯಾರ್ ಬೇಕಾದ್ರೂ? ಹಂಗಾದ್ರೆ ಯಾವನೋ ಒಬ್ಬ ನಮ್ಮೂರನ್ನೇ ಅಳಿಸಿಬಿಟ್ರೆ?"

ಅಳಿಸಿದರೆ ಇನ್ನೊಬ್ಬರು ಸರಿ ಮಾಡುತ್ತಾರೆ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ಮಾರನೇ ದಿನದಿಂದ ಬೆಳಗಾಗುತ್ತಲೇ ನನಗೆ ಫೋನು. ನನ್ನ ಹತ್ತಿರ ಮಾತ್ರ ಕೆಮ್ಮುವುದಿಲ್ಲ, ಮಾತಾಡುತ್ತಾನೆ.

"ಊರು ಇದೆಯಾ, ನೋಡವ್ವಾ."

"ನೀನು ಎಲ್ಲಿಂದ ಮಾತಾಡ್ತಿದೀಯಾ ಮಾವ?"

"ದೊಡ್ಡಬಳ್ಳಾಪುರದಿಂದ."

"ಹಂಗಾದ್ರೆ ಇದೆ!"

ಅವನಿಗೆ ಸಮಾಧಾನವಾಗುತ್ತಿತ್ತು. ನನಗೆ ಮಾತ್ರ ನಿದ್ದೆ ಹಾಳು. ವರ್ಷಪೂರ್ತಿ ಒಂದು ದಿನವೂ ಈ ಫೋನು ತಪ್ಪಲಿಲ್ಲ.

ಆಮೇಲೆ ಮಾಕಳಿದುರ್ಗದ ಬೆಟ್ಟ. ಕಾಲೇಜು ಮಕ್ಕಳನ್ನು ಕರೆದುಕೊಂಡು ಕೋಟೆಯ ಫೋಟೋ ತೆಗೆಯಲು ಹೊರಟೆವು. ಚಿರತೆ ಬಂದರೆ ಬಡಿಯೋಣ ಅಂತ ಮಾವ ಸ್ಟೀಲ್ ತಟ್ಟೆ, ಸೌಟು ತಂದಿದ್ದ. ಚಿರತೆ ಬರಲಿಲ್ಲ. ಕೋತಿ ಬಂತು. ತಟ್ಟೆಯನ್ನು ಅದರ ಕೈಗೆ ಮಾವನೇ ಮರ್ಯಾದೆಯಿಂದ ಕೊಟ್ಟ! ಮೇಲೆ ಹತ್ತಿ ಒಮ್ಮೆ ಕೆಳಗೆ ನೋಡಿದ್ದೇ ತಡ, ಕೋಟೆ ಗೋಡೆಯನ್ನು ತಬ್ಬಿಕೊಂಡು ಕಣ್ಣು ಮುಚ್ಚಿಬಿಟ್ಟ. ಅಷ್ಟರಲ್ಲಿ ಯಾರೋ ಕ್ಲಿಕ್ ಅನ್ನಿಸಿದರು. ಈಗ ಹೋಗಿ ನೋಡಿ, ಆ ಫೋಟೋ ಜಗತ್ತಿಗೆಲ್ಲ ಪುಕ್ಕಟೆ ಸಿಗುತ್ತದೆ. ಕೆಳಗೆ ಬರೆದಿದ್ದಾರೆ: ಗೋಡೆಯ ಎತ್ತರ ತಿಳಿಯಲೆಂದು ಪಕ್ಕದಲ್ಲಿ ಒಬ್ಬ ವ್ಯಕ್ತಿ.

ಅದನ್ನು ತೋರಿಸಿದಾಗ ಮಾವ ಬೆವರಿದ. "ಅಯ್ಯೋ, ಶತ್ರುಗಳು ನೋಡಿದ್ರೆ?"

"ನಿಂಗ್ಯಾರು ಮಾವ ಶತ್ರು?"

"ಇದುವರೆಗೂ ಇರ್ಲಿಲ್ಲ. ಇನ್ಮೇಲೆ ಹುಟ್ಕೋತಾರೆ!"

ನೀವು ನಗುತ್ತಿದ್ದೀರಿ. ನಾನೂ ನಗುತ್ತಿದ್ದೆ. ವರ್ಷ ಮುಗಿಯುವ ಹೊತ್ತಿಗೆ ನನ್ನ ನಗು ಇಳಿಯಿತು.

ಸಂಸ್ಥೆಯವರೆಲ್ಲ ಕಂಪ್ಯೂಟರಿನಲ್ಲಿ ಮುಖ ತೋರಿಸಿಕೊಂಡು ಸಭೆ ಮಾಡುತ್ತಿದ್ದಾಗ, ನಿಮ್ಮೂರು ನೇಕಾರರ ಊರಲ್ಲವೇ, ಅಲ್ಲಿಯದೇ ಒಂದು ಕಸುಬಿನ ವಿಡಿಯೋ ಆಗಲಿ, ಅದರಿಂದಲೇ ವರ್ಷ ಮುಗಿಸೋಣ ಅಂದರು. ನನ್ನ ಬಾಯಿ ಸುಮ್ಮನಿರಬೇಕಲ್ಲ! "ನಮ್ಮ ಮಾವ ಹಾಸು ಕೆಚ್ತಾರೆ" ಅಂದೆ. ಎಲ್ಲರೂ ಚಪ್ಪಾಳೆ ಹೊಡೆದರು. ಚಪ್ಪಾಳೆ ನಿಂತ ಮೇಲೆ ನನಗೆ ಟವೆಲ್ ನೆನಪಾಯಿತು. ಹೆದರಿಕೆ ನಮ್ಮ ಅಮ್ಮನ ತವರಿನ ಆಸ್ತಿ, ನನ್ನ ಪಾಲು ನನಗೂ ಬಂದಿದೆ.

ಮಾವನ ರೂಮಿಗೆ ಹೋಗಿ ಹೇಳಿದೆ. ಕೂಗಾಡುತ್ತಾನೆ ಅಂದುಕೊಂಡಿದ್ದೆ. ಕೂಗಾಡಲಿಲ್ಲ. ಟವೆಲ್ ತೆಗೆದು ಮಡಿಲಲ್ಲಿ ಇಟ್ಟುಕೊಂಡು ಅದರ ಅಂಚು ಸವರುತ್ತಾ ಕೂತ.

"ಎಲ್ಲಾರ್ಗೂ ಗೊತ್ತಾಗ್ಬಿಟ್ರೆ ನನ್ನ ಯಾರವ್ವಾ ಕರೀತಾರೆ?"

"ಕೆಲಸಕ್ಕೇನು ಮಾವ, ನಮ್ಮನೇಲಿ..."

"ಕೆಲಸದ ಮಾತಲ್ಲ ಕಣೇ." ಮುಖ ಎತ್ತಲಿಲ್ಲ. "ಹಾಸು ಮುಗೀತು ಬಾ ಅಂತಾರೆ, ಹೋಗ್ತೀನಿ. ದಿನವೆಲ್ಲ ಅವರ ಮನೇಲಿ ಇರ್ತೀನಿ. ಮಕ್ಕಳು ಗಲಾಟೆ ಮಾಡ್ತಾವೆ. ಮುದ್ದೆ ಬಡಿಸಿ ಇನ್ನೊಂದಿಷ್ಟು ಸಾರು ಹಾಕ್ಕೋ ಅಂತಾರೆ. ಈ ರೂಮಲ್ಲಿ ನಂಗೆ ಯಾರು ಹಾಕ್ಕೋ ಅಂತಾರೆ? ಯಾರೂ ಕರೀದೇ ಹೋದ್ರೆ, ನಿಮ್ಮನೆ ಒಂದು ಬಿಟ್ಟು, ಯಾವ ನೆಪ ಹೇಳ್ಕೊಂಡು ನಾನು ಯಾರ ಮನೆ ಬಾಗಿಲು ತಟ್ಲಿ?"

ಕುಕ್ಕರ್, ಕೋತಿ, ಫೋನು, ಎಲ್ಲ ಭಯದ ಹಿಂದೆ ಈ ಒಂದು ಭಯ ಕೂತಿತ್ತು. ಎಂಥ ಕೆಲಸ ಮಾಡಿದೆನಪ್ಪಾ ಅನ್ನಿಸಿತು. ವಿಡಿಯೋ ಆಗುವುದಿಲ್ಲ ಅಂತ ಸಂಸ್ಥೆಗೆ ಹೇಳಿಬಿಡೋಣ ಅಂದುಕೊಂಡೇ ಮನೆಗೆ ಬಂದೆ.

ನಾನು ಹೇಳುವ ಮೊದಲೇ ಬೆಳಿಗ್ಗೆ ಮಾವನ ಫೋನು. ಊರು ಇದೆಯಾ ಅಂತ ಕೇಳಿದ, ಇದೆ ಅಂದೆ. "ಅಷ್ಟು ಜನರ ಮುಂದೆ ಮಾತು ಕೊಟ್ಟಿದೀಯಂತಲ್ಲ. ನಿನ್ನ ಮಾತು ಹೋಗಬಾರ್ದು. ಎದುರು ಮನೇಲಿ ಇವತ್ತು ಹಾಸು ಕೆಚ್ಚೋದಿದೆ. ಬಾ" ಅಂದ. ದನಿ ಕೆಮ್ಮಿಗಿಂತ ಸಣ್ಣದಾಗಿತ್ತು.

ದೊಡ್ಡಮ್ಮ ಮಗ್ಗ ನಿಲ್ಲಿಸಿ, ಚಾಪೆ ಹಾಸಿದ್ದಳು. ಅವಳು, ಅವಳ ಸೊಸೆ ಇಬ್ಬರೂ ಅಭ್ಯಾಸಬಲದಿಂದ ಗೋಡೆ ಕಡೆ ತಿರುಗಿ ಕೂತರು. ನಾನು ಮೊಬೈಲ್ ಹಿಡಿದೆ. ಮಾವ ಬೂದಿ ಮುಟ್ಟಿದ. ಟವೆಲ್ಲಿಗೆ ಕೈ ಹೋಯಿತು, ವಾಪಸ್ ಬಂತು. ಹುಟ್ಟಿದಾರಭ್ಯ ಮೊದಲ ಸಲ ಮಾವನ ಬೆರಳುಗಳು ಮರೆಯಿಲ್ಲದೆ ಕೆಲಸಕ್ಕೆ ಇಳಿದವು.

ಎಳೆ ಹಿಡಿದ. ಎಳೆ ಜಾರಿತು. ಇನ್ನೊಂದು ಹಿಡಿದ, ಪಟ್ ಅಂತ ಹರಿಯಿತು. ಮಾವನ ಕೈಯಲ್ಲಿ ಎಳೆ ಹರಿದದ್ದನ್ನು ನಾನು ಕಂಡಿರಲಿಲ್ಲ, ಕೇಳಿರಲಿಲ್ಲ. ಹಣೆಯಿಂದ ಬೆವರು ರೇಷ್ಮೆ ಮೇಲೆ ಬೀಳುತ್ತೇನೋ ಅಂತ ನನ್ನ ಜೀವ ಬಾಯಿಗೆ ಬಂತು.

"ಆಗ್ತಿಲ್ಲ ಕಣವ್ವಾ. ಮರೆತೋಯ್ತು. ಕೈಗೆ ಮರೆತೋಯ್ತು!"

ಗೋಡೆ ಕಡೆ ತಿರುಗಿದ್ದ ದೊಡ್ಡಮ್ಮ ಎದ್ದಳು. ಎಲೆ ಅಡಿಕೆ ಉಗಿದು, ಬಾಯಿ ಒರೆಸಿಕೊಂಡು ಬಂದು ಮಾವನ ಎದುರಿಗೆ, ಹಾಸಿನ ಆಚೆ ಕೂತಳು. ಬೆರಳಿಗೆ ಬೂದಿ ಮುಟ್ಟಿದಳು. ಹಳೇ ಎಳೆ, ಹೊಸ ಎಳೆ ಎರಡನ್ನೂ ಹಿಡಿದು ಹೊಸೆದಳು. "ಹೂಂ, ಕೂತ್ಕೋ ತಾಯಿ" ಅಂದಳು. ಎಳೆ ಕೂತಿತು!

ಸೊಸೆ ಬಂದು ಪಕ್ಕದಲ್ಲಿ ಕೂತು ಮುಂದಿನ ಎಳೆ ಹಿಡಿದಳು. "ಹೂಂ, ಕೂತ್ಕೋ ತಾಯಿ." ಅದೂ ಕೂತಿತು.

ಮಾವನ ಬಾಯಿ ತೆರೆದದ್ದು ಮುಚ್ಚಲಿಲ್ಲ. "ಅಕ್ಕಾ... ನಿಮಗೆ ಯಾವಾಗ ಬಂತು ಇದು?"

"ಆ ಟವೆಲ್ಲು ಸವೆದು ಸೊಳ್ಳೆ ಪರದೆ ಆಗಿ ಎಷ್ಟು ಕಾಲ ಆಯ್ತೋ! ಅದರ ಮೇಲಿಂದ ನಿಂಗೆ ಎಳೆ ಕಾಣುತ್ತೆ ಅಂದ್ಮೇಲೆ ಓರೆಗಣ್ಣಲ್ಲಿ ನೋಡೋ ನಮಗೆ ಕಾಣಲ್ವೇನೋ? ಬೀದಿ ಹೆಂಗಸರಿಗೆಲ್ಲ ಬರುತ್ತೆ."

"ಮತ್ತೆ ಆ ಕಡೆ ತಿರುಗಿ ಕೂರ್ತಿದ್ರಲ್ಲ?"

"ನೀನು ಹೆದ್ರುಕೋತೀಯಲ್ಲೋ ತಮ್ಮ!"

ಮಾವ ಟವೆಲ್ಲನ್ನು ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಕೇಳಿದ, ಮಕ್ಕಳು ಕೇಳುವ ದನಿಯಲ್ಲಿ. "ಎಲ್ಲಾ ಬರುತ್ತೆ ಅಂದ್ಮೇಲೆ ನನ್ನ ಯಾಕೆ ಕರೀತಿದ್ರಿ?"

ದೊಡ್ಡಮ್ಮನಿಗೆ ರೇಗಿತು. "ಯಾಕೆ ಅಂದ್ರೆ? ನೀನು ಬರ್ಲಿ ಅಂತ! ಸುಮ್ನೆ ಊಟಕ್ಕೆ ಬಾ ಅಂದ್ರೆ ಬರೋ ಆಸಾಮಿನಾ ನೀನು? ನನ್ನ ಮುಖ ನೋಡ್ಕೊಂಡು ಕೂರ್ಬೇಡ, ಎಳೆ ಹಿಡಿ!"

ಮಾವ ಎಳೆ ಹಿಡಿದ. ಹರಿಯಲಿಲ್ಲ, ಕೂತಿತು. ಟವೆಲ್ ಮಾತ್ರ ಬೇಕಾಯಿತು, ಕಣ್ಣೊರೆಸಿಕೊಳ್ಳಲು. ಆ ವಿಡಿಯೋ ಈಗ ಎಲ್ಲರಿಗೂ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಮೂರು ಜನರ ಕೈ ಕಾಣುತ್ತದೆ. ಚಿತ್ರ ಅಲ್ಲಲ್ಲಿ ಅಲುಗಾಡುತ್ತದೆ, ಅದು ನನ್ನ ಕೈ.

ಮಾರನೇ ದಿನ ಬೆಳಿಗ್ಗೆ ಫೋನ್ ಬರಲಿಲ್ಲ. ಬಿಸಿಲೇರಿತು, ಬರಲಿಲ್ಲ. ನಾನೇ ಮಾಡಿದೆ, ಎತ್ತಲಿಲ್ಲ. ಒಂದು ಕೆಮ್ಮೂ ಇಲ್ಲ! ಊರು ಇದೆಯಾ ಅಂತ ಕೇಳದೆ ಮಾವನಿಗೆ ಬೆಳಗಾಗುವುದುಂಟೇ? ವಿದ್ಯೆ ಹೋಯಿತು ಅಂತ ಏನಾದರೂ ಮಾಡಿಕೊಂಡನೋ, ಊರೇ ಬಿಟ್ಟನೋ! ಚಪ್ಪಲಿಯನ್ನೂ ಮೆಟ್ಟದೆ ಓಡಿದೆ. ರೂಮಿಗೆ ಬೀಗ. ಯಾರನ್ನು ಕೇಳಲಿ ಅಂತ ದೊಡ್ಡಮ್ಮನ ಮನೆಗೆ ನುಗ್ಗಿದೆ.

ಒಳಗೆ ಮಗ್ಗಗಳು ಧಡಧಡ ಓಡುತ್ತಿದ್ದವು. ಎಲ್ಲದರ ಮೇಲೂ ಹಾಸು ತುಂಬಿತ್ತು, ಕೆಚ್ಚುವುದಕ್ಕೆ ಏನೂ ಇರಲಿಲ್ಲ. ಮಾವ ಅಡುಗೆಮನೆ ಬಾಗಿಲಿಗೆ ಒರಗಿ ಕೂತು ಕಾಫಿ ಕುಡಿಯುತ್ತಿದ್ದ. ಹೆಗಲ ಮೇಲೆ ಟವೆಲ್ ಇತ್ತು, ಒಲೆ ಮೇಲೆ ಕುಕ್ಕರ್ ಇತ್ತು.

ನನ್ನ ಮುಖ ನೋಡಿ ಗಾಬರಿಯಾಗಿ ಲೋಟ ಕೆಳಗಿಟ್ಟ.

"ಯಾರೂ ಕರೀಲಿಲ್ಲ ಕಣವ್ವಾ," ಅಂದ. "ನಾನೇ ಬಂದೆ."