ಕೆಂಪು ಚೌಕಕ್ಕೆ ಸರಿ ಎಂದವನು

ಇಪ್ಪತ್ತಾರು ವರ್ಷ ಡಾಕ್ಟರಿಕೆ ಮಾಡಿದವನನ್ನು ಸ್ವಂತ ಹೆಂಡತಿಯೇ ಪರೀಕ್ಷೆಗೆ ಕೂರಿಸುವುದೆಂದರೆ ಇದೇನು ಕರ್ಮ ಹೇಳಿ! ನಮ್ಮ ಆಸ್ಪತ್ರೆಯಲ್ಲಿ ಕಾಗದದ ಫೈಲು ಹೋಗಿ ಕಂಪ್ಯೂಟರ್ ಬಂದಿದೆ. ಅಲ್ಲೇ ಹಿರಿಯ ನರ್ಸಾಗಿರುವ ನನ್ನ ಧರ್ಮಪತ್ನಿ ಈಗ ಡಾಕ್ಟರುಗಳಿಗೆಲ್ಲ ಟ್ರೈನರು. ನಿಜವಾದ ರೋಗಿಯನ್ನು ಮುಟ್ಟುವ ಮುಂಚೆ ಕಂಪ್ಯೂಟರಿನೊಳಗಿನ ಸುಳ್ಳು ರೋಗಿಗೆ ಔಷಧಿ ಬರೆದು ಪಾಸಾಗಬೇಕು. ಇಲ್ಲದಿದ್ದರೆ ಸೋಮವಾರದಿಂದ ನನಗೆ ವಾರ್ಡಿಗೆ ಪ್ರವೇಶವಿಲ್ಲ.

ಮೊದಲ ದಿನ ಸುಳ್ಳು ರೋಗಿಗೆ ಜ್ವರ. ಠೀವಿಯಿಂದ ಪೆನ್ಸಿಲಿನ್ ಬರೆದೆ. ಪರದೆಯ ಮೇಲೆ ಏನೋ ಬರೆದಿದ್ದ ಕೆಂಪು ಚೌಕವೊಂದು ಎದ್ದಿತು. 'ಸರಿ' ಒತ್ತಿದೆ. ಇನ್ನೊಂದು ಎದ್ದಿತು. ಅದಕ್ಕೂ 'ಸರಿ'. ಮೂರನೆಯದು ಏಳುವಷ್ಟರಲ್ಲಿ ರೋಗಿ ತೀರಿಕೊಂಡಿದ್ದ!

"ಅಯ್ಯಯ್ಯೋ, ಏನಾಯ್ತೇ?"

"ಕೊಂದ್ರಿ," ಎಂದಳು, ಜೊತೆಗೆ ಕಲಿಯಲು ಕೂತಿದ್ದ ಹನ್ನೊಂದು ಜನ ಡಾಕ್ಟರುಗಳ ಎದುರಿಗೆ. "ಈ ಔಷಧಿ ಇವರಿಗೆ ಆಗಿಬರಲ್ಲ ಅಂತ ಎರಡು ಸಲ ಬಂತಲ್ಲ, ಓದಿದ್ರಾ?"

"ಓದೋದಾ? ಬರೀ ಒತ್ಲಿ ಅಂತ ಬರುತ್ತೆ ಅಂದ್ಕೊಂಡೆ!"

(ಸುಳ್ಳು ರೋಗಿಯಾದರೇನು, ಪಾಪ, ಅವನಿಗೂ ಇಬ್ಬರು ಮಕ್ಕಳೆಂದು ಬರೆದಿತ್ತು.)

ಉಳಿದ ಪಾಠ ಮನೆಯಲ್ಲಿ ನಡೆಯಿತು. "ಇಲ್ಲೂ ಅಷ್ಟೇ ಕಣ್ರೀ. ಕೊಳಾಯಿ ಸೋರ್ತಿದೆ ಅಂದ್ರೆ ಸರಿ. ಹಾಲಿಟ್ಟಿದೀನಿ ನೋಡ್ಕೊಳ್ಳಿ ಅಂದ್ರೆ ಸರಿ. ನನ್ನ ಮಾತೂ ನಿಮಗೆ ಕೆಂಪು ಚೌಕಾನೇ!"

"ಸರಿ ಸರಿ," ಎಂದೆ. ಒಳಗೆ ಹಾಲು ಉಕ್ಕಿ ಒಲೆ ಆರಿತು.

ಮರುದಿನ ಕೊನೆಯ ಅವಕಾಶ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತೆ. ಮೊದಲ ಚೌಕ, 'ರೋಗಿಗೆ ಐವತ್ತು ದಾಟಿದೆ.' ಗೊತ್ತಪ್ಪ! ಎರಡನೆಯದು, 'ರೋಗಿ ಗಂಡಸು.' ಅದನ್ನೂ ನೀನೇ ಹೇಳಬೇಕೇ? ಮೂರನೆಯದು, 'ಈ ಔಷಧಿ ಆಗಿಬರುವುದಿಲ್ಲ.' ಸಿಕ್ಕಿಬಿತ್ತು ಕಳ್ಳ! ತಕ್ಷಣ ಔಷಧಿ ಬದಲಿಸಿದೆ. ಆಮೇಲೂ ಚೌಕಗಳು ಬರುತ್ತಲೇ ಇದ್ದವು. ಇನ್ನೇನಿದ್ದೀತು ಎಂದು ಸರಿ, ಸರಿ, ಸರಿ. ರೋಗಿ ಬದುಕಿದ! ಹನ್ನೊಂದು ಜನ ಡಾಕ್ಟರುಗಳೂ ಚಪ್ಪಾಳೆ ತಟ್ಟಿದರು. ನಾನು ಎದೆಯುಬ್ಬಿಸಿ ಎದ್ದು ನಿಂತೆ.

"ಸ್ವಲ್ಪ ಕೂತ್ಕೊಳ್ಳಿ ಡಾಕ್ಟ್ರೇ," ಎಂದಳು ಹೆಂಡತಿ. ಒತ್ತಿದ್ದನ್ನೆಲ್ಲ ಗಂಟೆ, ನಿಮಿಷ ಸಮೇತ ಬರೆದಿಟ್ಟುಕೊಳ್ಳುತ್ತದಂತೆ ಆ ಹಾಳು ಯಂತ್ರ. ಅವಳು ಆರನೇ ಚೌಕವನ್ನು ಗಟ್ಟಿಯಾಗಿ ಓದಿದಳು: "'ನಾನು ಎಚ್ಚರಿಕೆಗಳನ್ನು ಪೂರ್ತಿ ಓದುವವನಲ್ಲ. ನನ್ನನ್ನು ಫೇಲು ಮಾಡಿ, ಸೋಮವಾರದಿಂದ ಮತ್ತೆ ಮೊದಲನೇ ಪಾಠಕ್ಕೆ ಕೂರಿಸಿ.' ಹನ್ನೊಂದು ಗಂಟೆ ನಾಲ್ಕು ನಿಮಿಷಕ್ಕೆ ಸರಿ ಅಂದಿದೀರಿ."

ಅವಳ ಹತ್ತಿರ ಹೋಗಿ ಪಿಸುಗುಟ್ಟಿದೆ, "ನಿನ್ನ ಗಂಡ ಕಣೇ ನಾನು!"

"ಅದಕ್ಕೇ ಆ ಚೌಕಾನ ನಾನೇ ಧೈರ್ಯವಾಗಿ ಬರೆದಿದ್ದು. ನೀವಂತೂ ಓದಲ್ಲ ಅಂತ ಗೊತ್ತಿತ್ತು."