ಆಪರೇಷನ್‌ಗೆ ಮುಂಚೆ ಕೊಬ್ಬರಿ ತಕ್ಕಡಿ

ಮನೆಯಲ್ಲಿ ಒಬ್ಬರು ದಪ್ಪಗಿದ್ದರೆ ಸಾಕು, ಊರಿಗೆಲ್ಲ ಕೆಲಸ ಸಿಕ್ಕಿದ ಹಾಗೆ. ನಾನು ಅರಸೀಕೆರೆಯಲ್ಲಿ ಹೈಸ್ಕೂಲ್ ಮೇಡಂ ಆಗಿದ್ದಾಗ ನನ್ನ ತೂಕ ಇಳಿಸುವ ಉಸಾಬರಿ ಹೊತ್ತವರು ಒಬ್ಬಿಬ್ಬರಲ್ಲ. ನನಗಿದ್ದದ್ದು ಒಂದೇ ಆಸೆ: ಮದುವೆಯಾದ ಹೊಸತರಲ್ಲಿ ಹೋಗುತ್ತಿದ್ದಂತೆ ಗಂಡನ ಸ್ಕೂಟರ್ ಹಿಂದೆ ಕೂತು ಬೇಲೂರಿಗೆ ಹೋಗಬೇಕು. ಎರಡು ವರ್ಷದಿಂದ ಅವರು, "ನೀನು ಬಸ್ಸಲ್ಲಿ ಬಾ ಕಣೇ, ಸ್ಕೂಟರ್‌ಗೆ ವಯಸ್ಸಾಯ್ತು" ಅನ್ನುತ್ತಿದ್ದರು.

೧. ಪಥ್ಯ

ಅನ್ನ ಬಿಟ್ಟು ರಾಗಿಮುದ್ದೆ ತಿಂದರೆ ಕರಗುತ್ತೀಯ ಎಂದು ಸ್ಟಾಫ್ ರೂಮಿನಲ್ಲಿ ತೀರ್ಮಾನವಾಯಿತು. ಅತ್ತೆ ಖುಷಿಯಿಂದ ಒಪ್ಪಿದರು. ಊಟಕ್ಕೆ ಕೂತರೆ ತಟ್ಟೆಯಲ್ಲಿ ತೆಂಗಿನಕಾಯಿ ಗಾತ್ರದ ಮುದ್ದೆ, ಅದರ ಮೇಲೆ ತುಪ್ಪ.

"ಅತ್ತೆ, ಇದು ಸಣ್ಣ ಆಗೋಕೆ ತಿನ್ನೋದು."

"ಗೊತ್ತು ಕಣಮ್ಮ. ಔಷಧಿ ಅಂದ್ಮೇಲೆ ಕಮ್ಮಿ ತಿಂದ್ರೆ ಕೆಲ್ಸ ಮಾಡ್ತದಾ?"

೨. ನಡಿಗೆ

ನಡೆಯಲು ರೈಲ್ವೆ ಪ್ಲಾಟ್‌ಫಾರಂ ಆರಿಸಿಕೊಂಡೆ. ಉದ್ದಕ್ಕಿದೆ, ನಾಯಿಗಳೂ ಕಮ್ಮಿ. ಒಂದು ಬೆಳಿಗ್ಗೆ ಬೀಸು ನಡಿಗೆ ಹಾಕುತ್ತಿದ್ದೆ. ಪಕ್ಕದಲ್ಲಿ ರೈಲು ಆಗತಾನೆ ಕದಲಿತು. ಬಾಗಿಲಲ್ಲಿ ನಿಂತವರು, "ಅಯ್ಯೋ, ಅಕ್ಕಂಗೆ ರೈಲು ತಪ್ಪೋಗ್ತೈತೆ, ಎಳ್ಕೊಳ್ರೋ" ಎಂದು ಕೈ ಹಿಡಿದರು. ಬಾಯಿ ಬಿಡುವಷ್ಟರಲ್ಲಿ ಮೂವರು ಸೇರಿ ನನ್ನನ್ನು ಒಳಗೆ ಹಾಕಿಕೊಂಡಿದ್ದರು. ಅವರು ಪಟ್ಟ ಶ್ರಮ ನೋಡಿ, ನಾನು ಎಲ್ಲಿಗೂ ಹೊರಟಿಲ್ಲ ಎಂದು ಹೇಳಲು ಮನಸ್ಸಾಗಲಿಲ್ಲ. ತಿಪಟೂರಿನಲ್ಲಿ ಇಳಿದೆ. ವಾಪಸ್ ರೈಲಿಗೆ ಎರಡು ಗಂಟೆ ಇತ್ತು. ಆ ಎರಡು ಗಂಟೆಯಲ್ಲಿ ನಾಲ್ಕು ಇಡ್ಲಿ, ಎರಡು ವಡೆ ಆದವು.

೩. ತೂಕ

ಪಥ್ಯ, ನಡಿಗೆ ಎರಡೂ ಕೈಕೊಟ್ಟ ಮೇಲೆ ಬೆಂಗಳೂರಿನ ಡಾಕ್ಟರೊಬ್ಬರ ಹತ್ತಿರ ಹೋದೆವು. ನನ್ನನ್ನು ತೂಗಿ ನೂರಾ ಹನ್ನೆರಡು ಎಂದು ಬರೆದುಕೊಂಡು, ಹೊಟ್ಟೆಯ ಚೀಲವನ್ನೇ ಚಿಕ್ಕದು ಮಾಡುವ ಆಪರೇಷನ್ ಇದೆ ಅಂದರು. ನನಗೆ ಖುಷಿಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ.

"ಅವಸರ ಬೇಡ," ಅಂದರು ಡಾಕ್ಟರು. "ಆಪರೇಷನ್ ಆದ್ಮೇಲೂ ಜೀವನಪೂರ್ತಿ ಪಥ್ಯ ಇರುತ್ತೆ. ಮೂರು ತಿಂಗಳು ಶಿಸ್ತಾಗಿ ಇದ್ದು, ವಾರ ವಾರ ತೂಕ ಬರ್ಕೊಂಡು ಬನ್ನಿ. ಆಮೇಲೆ ತೀರ್ಮಾನ ಮಾಡೋಣ."

ಮನೆಯ ತಕ್ಕಡಿ ನೂರಕ್ಕೇ ಮುಗಿಯುತ್ತಿತ್ತು. ಹಾಗಾಗಿ ಪ್ರತಿ ಭಾನುವಾರ ಮೈದುನನ ಕೊಬ್ಬರಿ ಮಂಡಿಗೆ ನಡೆದು ಹೋಗಿ, ಮೂಟೆ ತೂಗುವ ತಕ್ಕಡಿ ಹತ್ತುತ್ತಿದ್ದೆ. ತೂಕ ಹಾಕುವ ಅಣ್ಣ ನನ್ನನ್ನು ಮೇಲಿಂದ ಕೆಳಗೆ ನೋಡಿ, ಮನಸ್ಸಿನಲ್ಲೇ ಏನೋ ಲೆಕ್ಕ ಹಾಕಿ, ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದ. ಮೊದಲ ವಾರ ನೂರಾ ಹನ್ನೆರಡು. ಆಮೇಲೆ ನೂರಾ ಹನ್ನೊಂದು, ನೂರಾ ಹತ್ತು. ಉತ್ಸಾಹ ಏರಿ, ದೂರದ ದಾರಿ ಸುತ್ತಿಕೊಂಡು ಹೋಗತೊಡಗಿದೆ. ಮೂರು ತಿಂಗಳಿಗೆ ನೂರಾ ನಾಲ್ಕು. ಇಡೀ ಬೀದಿಗೆ ಮೈಸೂರು ಪಾಕ್ ಹಂಚಿದೆ. ನಾನು ತಿಂದದ್ದು ಒಂದೇ ಚೂರು.

ಡಾಕ್ಟರ ತಕ್ಕಡಿ ನೂರಾ ಹತ್ತು ತೋರಿಸಿತು. ಅವರು ನನ್ನ ಚೀಟಿ ನೋಡಿದರು, ನನ್ನನ್ನು ನೋಡಿದರು.

"ದಾರೀಲಿ ಏನಾದ್ರೂ ತಗೊಂಡ್ರಾ?"

"ಒಂದು ಎಳನೀರು ಡಾಕ್ಟ್ರೇ."

"ಇಡೀ ತೋಟದ್ದಾ?"

ಎಲ್ಲ ಮುಗಿಯಿತು ಅಂದುಕೊಂಡೆ, ಕಣ್ಣಲ್ಲಿ ನೀರು ಬಂತು. ಅವರು ನಕ್ಕು, "ಮೂರು ತಿಂಗಳು ಬಿಡದೆ ನಡೆದಿದ್ದೀರಿ, ಇಳಿದದ್ದು ಎರಡೇ ಕೆಜಿ. ಇಂಥವರಿಗೇ ಈ ಆಪರೇಷನ್ ಇರೋದು" ಎಂದು ತಾರೀಖು ಕೊಟ್ಟೇಬಿಟ್ಟರು. ಅವತ್ತೇ ಸಂಜೆ ಗಂಡ ಸ್ಕೂಟರ್‌ನ ಹಿಂದಿನ ಚಕ್ರಕ್ಕೆ ಗಾಳಿ ಹಾಕಿಸಿದರು.

ನಾನು ನೆಟ್ಟಗೆ ಮಂಡಿಗೆ ಹೋದೆ. "ಏನಣ್ಣ, ನನ್ನ ಆರು ಕೆಜಿ ಎಲ್ಲಿ?"

ಅವನಿಗೆ ಆಶ್ಚರ್ಯ. "ಹಸಿ ಕೊಬ್ರಿ ಬಂದ್ರೆ ನೀರು ಕಳೆದು ತೂಕ ಹೇಳೋದು ನಮ್ ಪದ್ಧತಿ ಮೇಡಂ. ನೀವು ವಾರ ವಾರ ಜಾಸ್ತಿ ಬೆವತು ಬರ್ತಿದ್ರಿ, ನಾನೂ ಜಾಸ್ತಿ ಕಳೀತಿದ್ದೆ."

ತಾರೀಖು ಸಿಕ್ಕಿದ ಸಂತೋಷದಲ್ಲಿ ಜಗಳ ಬಿಟ್ಟೆ. ಆಪರೇಷನ್ ವಿಷಯ, ಸ್ಕೂಟರ್ ವಿಷಯ ಎಲ್ಲ ಹೇಳಿದೆ. ಅವನು ಗಂಭೀರವಾಗಿ ಕೇಳಿಸಿಕೊಂಡು ಹೇಳಿದ:

"ಒಳ್ಳೇದಾಯ್ತು. ಆದ್ರೆ ಒಂದು ಮಾತು. ಸ್ಕೂಟರಲ್ಲಿ ಬಂದ್ರೆ ಗಾಳಿಗೆ ಒಣಗಿರ್ತೀರ. ಒಣ ಮಾಲಿಗೆ ನಾವು ಒಂದು ಗ್ರಾಮೂ ಕಳೆಯಲ್ಲ. ತೂಕ ಏರೋಯ್ತು ಅಂತ ಪಾಪ, ಆ ಡಾಕ್ಟ್ರನ್ನ ಬೈಬೇಡಿ."