ಲಿಂಗ ಹಿಡಿದವರ ಜೊತೆ ಜಗಳ

ನಾನು ಜಗಳಗಂಟನೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ ಮೂವತ್ತು ವರ್ಷ ಕಳೆದವನು ಬೇರೆ ಏನಾಗಲು ಸಾಧ್ಯ? ಮುಡಬಿಯ ಬಸ್ಸು ತಡವಾದರೆ ಅದನ್ನು ನಾನೇ ಜೇಬಿನಲ್ಲಿ ಬಚ್ಚಿಟ್ಟುಕೊಂಡಂತೆ ಜನ ಮೈಮೇಲೆ ಬೀಳುತ್ತಾರೆ. ನಾನೂ ಬಿಡುವವನಲ್ಲ. ಮೈಕು ನನ್ನ ಕೈಯಲ್ಲಿರುವುದರಿಂದ ಅಲ್ಲಿ ಕೊನೆಯ ಮಾತು ನನ್ನದೇ. ಮನೆಯಲ್ಲಿ ಮಾತ್ರ ಈಚೆಗೆ ನನ್ನ ಮೊದಲ ಮಾತಿಗೂ ಗತಿಯಿಲ್ಲದಂತಾಗಿದೆ.

ಕಾರಣ, ಬಸವಕಲ್ಯಾಣದಲ್ಲಿ ನಡೆದ ಒಂದು ಮಹಿಳಾ ಸತ್ಸಂಗ. ದಾಂಪತ್ಯದಲ್ಲಿ ಒಳ್ಳೆಯದನ್ನೇ ಯೋಚಿಸುವುದು ಹೇಗೆಂದು ಅಲ್ಲಿ ಹಿರಿಯರೊಬ್ಬರು ಹೇಳಿಕೊಟ್ಟರಂತೆ. ಗಂಡ ದನಿ ಏರಿಸಿದರೆ ಎದುರಾಡಬಾರದು. ಕೈಕಾಲು ತೊಳೆದು, ವಿಭೂತಿ ಧರಿಸಿ, ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಮನಸ್ಸು ತಿಳಿಯಾಗುವವರೆಗೆ ಕೂರಬೇಕು. ನನ್ನ ಹೆಂಡತಿ ಮಹಾನಂದಾ ಇದನ್ನು ಚಾಚೂ ತಪ್ಪದೆ ಪಾಲಿಸುತ್ತಾಳೆ. ಪಲ್ಯಕ್ಕೆ ಉಪ್ಪು ಹೆಚ್ಚಾಯಿತೆಂದರೆ ಪ್ರಸಾದದಲ್ಲಿ ಕೊಂಕು ಹುಡುಕಬಾರದು ಎನ್ನುತ್ತಾಳೆ. ನಾನು ಇನ್ನೂ ಮುಂದುವರಿದರೆ ಬಚ್ಚಲಲ್ಲಿ ಆಕೆ ಕೈಕಾಲು ತೊಳೆಯುವ ನೀರಿನ ಸದ್ದು ಕೇಳುತ್ತದೆ. ಪೂಜೆಗೆ ಕೂತವರು ಮಾತಾಡಬಾರದು, ಅವರನ್ನು ಮಾತಾಡಿಸಲೂಬಾರದು ಎಂದು ನಮ್ಮವ್ವ ನನಗೆ ಬೆನ್ನಿಗೆ ಬಾರಿಸಿಯೇ ಕಲಿಸಿದ್ದಳು. ಹಾಗಾಗಿ ಬಾಗಿಲಲ್ಲಿ ನಿಂತು ಹಲ್ಲು ಕಡಿಯುತ್ತೇನೆ. ಅರ್ಧ ಗಂಟೆಯ ಮೇಲೆ ಆಕೆ ನಗುಮುಖದಿಂದ ಎದ್ದು, ‘ಚಾ ಮಾಡ್ಲೇನ್ರಿ?’ ಎನ್ನುತ್ತಾಳೆ. ಅಷ್ಟರಲ್ಲಿ ನಾನು ಹೇಳಬೇಕೆಂದಿದ್ದರಲ್ಲಿ ಅರ್ಧ ಮರೆತುಹೋಗಿರುತ್ತದೆ.

ಬೇರೆ ಸಮಯವಾಗಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದೆ. ಆದರೆ ಇನ್ನು ಮೂರು ತಿಂಗಳಿಗೆ ನನ್ನ ನಿವೃತ್ತಿ, ಆಮೇಲೆ ಎಲ್ಲಿ ಇರುವುದೆಂಬುದೇ ನಮ್ಮ ವ್ಯಾಜ್ಯ. ನನಗೆ ಹುಮನಾಬಾದು ಬಿಡಲು ಸುತರಾಂ ಮನಸ್ಸಿಲ್ಲ. ಇಲ್ಲಿ ಹೋಟೆಲಿನವನು ನನ್ನ ಮುಖ ನೋಡಿಯೇ ಚಹಾಕ್ಕೆ ಸಕ್ಕರೆ ಹಾಕುತ್ತಾನೆ. ದುಬಲಗುಂಡಿಯಿಂದ ಸಂತೆಗೆ ಬರುವವರು ನನ್ನನ್ನು ಬೈದೇ ಮುಂದೆ ಹೋಗುತ್ತಾರೆ. ಇಂಥ ಸಲಿಗೆ ಬೇರೆ ಊರಿನಲ್ಲಿ ಎಲ್ಲಿ ಸಿಗಬೇಕು? ಆಕೆಗೋ ಬಸವಕಲ್ಯಾಣವೇ ಬೇಕು. ತವರು ಅಲ್ಲಿದೆ, ಸತ್ಸಂಗ ಅಲ್ಲಿದೆ. ಅವಳ ಅಕ್ಕನ ಮನೆಯ ಹಿಂದೆ ಎರಡು ಕೋಣೆಗಳನ್ನೂ ನೋಡಿಟ್ಟು ಬಂದಿದ್ದಾಳೆ. ನಾನು ಆಗುವುದಿಲ್ಲ ಎನ್ನಲು ಹೋದಾಗಲೆಲ್ಲ ಪೂಜೆಗೆ ಕೂತಿರುತ್ತಾಳೆ.

ಕಳೆದ ಸೋಮವಾರ ನಾನೂ ಅದೇ ಉಪಾಯ ಹೂಡಿದೆ. ಆಕೆ ಕಲ್ಯಾಣದ ಮಾತೆತ್ತುವ ಲಕ್ಷಣ ಕಂಡದ್ದೇ ಸ್ನಾನ ಮಾಡಿ ಲಿಂಗ ಹಿಡಿದು ಕೂತೆ. ಐದು ನಿಮಿಷ ಮೀರಿ ಪೂಜೆ ಮಾಡಿದ ಅಭ್ಯಾಸ ನನಗಿಲ್ಲ. ದೃಷ್ಟಿ ಲಿಂಗದ ಮೇಲಿತ್ತು, ಮನಸ್ಸು ವಾದಗಳನ್ನು ಮಸೆಯುತ್ತಿತ್ತು. ಮಹಾನಂದಾ ಬಂದು ಬಾಗಿಲ ಬಳಿ ಕೂತಳು.

‘ಶ್ರಾವಣಕ್ಕ ಕಲ್ಯಾಣಕ್ಕ ಹೋಗಿ ಇರೂಣಂತ ಮಾಡೇನ್ರಿ. ನಿಮಗ ಮನಸ್ಸಿಲ್ಲಂದ್ರ ಬ್ಯಾಡ ಅಂತ ಈಗ ಅಂದುಬಿಡ್ರಿ.’

ಹೇಗೆ ಅನ್ನಲಿ? ಅಂಗೈಯಲ್ಲಿ ಲಿಂಗ, ಬೆನ್ನಿನಲ್ಲಿ ಅವ್ವನ ಏಟಿನ ನೆನಪು. ಕೆಮ್ಮಲೂ ಧೈರ್ಯವಾಗಲಿಲ್ಲ. ಆಕೆ ಸ್ವಲ್ಪ ಹೊತ್ತು ಕಾದು ಎದ್ದುಹೋದಳು. ನಾನು ಗಡಬಡಿಸಿ ಪೂಜೆ ಮುಗಿಸಿ ಹೊರಬಂದರೆ ಫೋನಿನಲ್ಲಿ ಅಕ್ಕನಿಗೆ ಹೇಳುತ್ತಿದ್ದಳು: ನಮ್ಮವರು ಬ್ಯಾಡ ಅನ್ನಲಿಲ್ಲ, ಒಪ್ಪಿಕೊಂಡರು.

ಬಾಯಿ ಕಟ್ಟಿದವನನ್ನು ಕೇಳಿ ಒಪ್ಪಿಗೆ ಪಡೆಯುವುದು ಯಾವ ಧರ್ಮ ಎಂದು ಮೈಕಿಲ್ಲದೆಯೇ ಇಡೀ ಓಣಿಗೆ ಕೇಳುವಂತೆ ಕೂಗಾಡಿದೆ. ಈ ಸಲ ಆಕೆ ಬಚ್ಚಲಿಗೆ ಹೋಗಲಿಲ್ಲ.

‘ನನ್ನ ಈ ಊರಿಗಿ ಕರ್ಕೊಂಡು ಬರೋ ಮುಂದ ನೀವು ಅಷ್ಟಾದ್ರೂ ಕೇಳಿದ್ರೇನ್ರಿ? ನಾ ಭೀ ಅವತ್ತು ಸುಮ್ಮನೇ ಇದ್ನಿ’ ಎಂದಳು.

ನನಗೆ ಇಲ್ಲಿಗೆ ವರ್ಗವಾದ ದಿನ ಟ್ರಂಕನ್ನು ಬಸ್ಸಿಗೇರಿಸಿ ‘ನಡಿ’ ಎಂದಿದ್ದೆ, ಅಷ್ಟೆ. ಕೇಳಬೇಕೆಂದು ಹೊಳೆದೇ ಇರಲಿಲ್ಲ. ನಾಚಿಕೆಯಾಯಿತು; ಸಿಟ್ಟೂ ಇಳಿದಿರಲಿಲ್ಲ. ಕೈಕಾಲು ತೊಳೆದು ಮತ್ತೆ ಲಿಂಗ ಹಿಡಿದು ಕೂತೆ. ಈ ಸಲ ನಿಜವಾಗಿಯೂ ಪೂಜೆಯಾಯಿತೆಂದು ಕಾಣುತ್ತದೆ. ಎಷ್ಟು ತಡಕಿದರೂ ನನ್ನ ಪರವಾಗಿ ಒಂದು ವಾದವೂ ಸಿಗಲಿಲ್ಲ.